ಸಹಾಯ ಬೇಕು: ಎಂಎಂ540 ಜೀಪಿನ ಲೋ ಗೇರ್ ನಿಲ್ಲುತ್ತಿಲ್ಲ

ಮನೆಯ ಹಳೆಯ ಮಹೀಂದ್ರ ಎಂಎಂ540 ಜೀಪನ್ನು ಮೂಡಿಗೆರೆಯ ನಮ್ಮ ಕೊಟ್ಟಿಗೆಯಲ್ಲೇ ಬಿಚ್ಚಿ ಸರಿಪಡಿಸುತ್ತಿದ್ದೇನೆ. ಪ್ಯೂಜೊ ಡೀಸೆಲ್ ಎಂಜಿನ್ ಗಟ್ಟಿಮುಟ್ಟಾಗಿದೆ, ಅದರ ಬಗ್ಗೆ ದೂರಿಲ್ಲ. ತೊಂದರೆ ಇರುವುದು ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯಲ್ಲಿ. ತೋಟದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಅದರ ಲೋ ಗೇರ್ (ಕಡಿದಾದ ಜಾಗಕ್ಕೆ ಹಾಕುವ ನಿಧಾನದ ಗೇರ್) ತಾನಾಗಿ ನ್ಯೂಟ್ರಲ್‌ಗೆ ಜಾರುತ್ತದೆ. ಆಮೇಲೆ ಎಂಜಿನ್ನಿನ ಹಿಡಿತವಿಲ್ಲ, ಬ್ರೇಕೇ ಗತಿ!

ಗೇರನ್ನು ಜಾಗದಲ್ಲಿ ಹಿಡಿದಿಡುವ ಶಿಫ್ಟ್ ರಾಡಿನ ಗುಂಡು, ಸ್ಪ್ರಿಂಗ್ ಹೊಸದು ಹಾಕಿದರೂ ಗುಣವಾಗಲಿಲ್ಲ. ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಔಟ್‌ಪುಟ್ ಶಾಫ್ಟನ್ನು ಹಿಂದೆ ಮುಂದೆ ಎಳೆದರೆ ಆಡುತ್ತದೆ. ಬೇರಿಂಗ್ ಬದಲಿಸದೆ ಶಿಮ್ (ಸಂದು ಹೊಂದಿಸುವ ತೆಳು ತಗಡು) ತೆಗೆದು ಬಿಗಿ ಮಾಡಿದರೆ ಸಾಕೇ, ಅಥವಾ ಶಾಫ್ಟಿನ ಮೇಲೆ ಸರಿದು ಕೂಡುವ ಜಾರು ಗೇರಿನ ಹಲ್ಲೇ ಸವೆದಿರಬಹುದೇ? ಪೇಟೆಯ ಮೆಕ್ಯಾನಿಕ್ ಒಬ್ಬರು ಇಡೀ ಕೇಸನ್ನೇ ಬದಲಿಸಿ ಎನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ.

ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಇಟ್ಟು ಶಾಫ್ಟಿನ ಆಟ ಅಳೆದುಕೊಡುವವರು ಹಾಸನ, ಬೇಲೂರು, ಚಿಕ್ಕಮಗಳೂರಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಮಳೆ ಹಿಡಿಯುವ ಮೊದಲು ಗಾಡಿ ತೋಟಕ್ಕೆ ಇಳಿಯಬೇಕು.