ಸಹಾಯ ಬೇಕು: ‘ಅಡಾಲೆಸೆನ್ಸ್’ ಆದ ಮೇಲೆ ಏನು ನೋಡಲಿ?

ಎಲ್ಲರಿಗೂ ನಮಸ್ಕಾರ. ಒಂದು ಒಳ್ಳೆಯ ಸೀರೀಸ್ ಹೇಳಿ ಪುಣ್ಯ ಕಟ್ಕೊಳ್ಳಿ. 2025ರ ‘ಅಡಾಲೆಸೆನ್ಸ್’ (ಕೊಲೆ ಆರೋಪ ಹೊತ್ತ ಹುಡುಗನ ಕಥೆಯ ಬ್ರಿಟಿಷ್ ಸೀರೀಸ್) ನೋಡಿದ ಮೇಲೆ ಬೇರೆ ಯಾವುದೂ ರುಚಿಸುತ್ತಿಲ್ಲ. ಇರೋದು ನಾಲ್ಕೇ ಕಂತು. ಒಂದೊಂದನ್ನೂ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ. ಮಧ್ಯೆ ಎಲ್ಲೂ ಕಟ್ ಇಲ್ಲ, ಹಾಗಾಗಿ ಉಸಿರು ಬಿಡೋಕೂ ಪುರುಸೊತ್ತಿಲ್ಲ. ಮೂರನೇ ಕಂತಿನಲ್ಲಂತೂ ಹುಡುಗ ಮತ್ತು ಮನಶ್ಶಾಸ್ತ್ರಜ್ಞೆ ಎದುರುಬದುರು ಕೂತು ಮಾತಾಡುವುದೇ ಹೆಚ್ಚು. ಆದರೂ ಕಣ್ಣು ಕೀಳಲು ಆಗಲಿಲ್ಲ.

‘ಸ್ಕ್ವಿಡ್ ಗೇಮ್’ ಹೇಳಬೇಡಿ. ಮೊದಲ ಸೀಸನ್ ಚೆನ್ನಾಗಿತ್ತು, ಆಮೇಲಿನ ಎರಡನ್ನೂ ಸುಮ್ನೆ ಎಳೆದಿದ್ದಾರೆ. (ಅಭಿಮಾನಿಗಳು ಬೈಯಬೇಡಿ!)

ರಿಯಾಲಿಟಿ ಶೋ ಕೂಡ ಒಂದು ಬೇಕು. ಅಕ್ಕನಿಗೆ ‘ಬಿಗ್ ಬ್ರದರ್’ ತರಹದ್ದು ಇಷ್ಟ. ನನಗೆ ಕಿರುಚಾಟ ಜಾಸ್ತಿಯಾದರೆ ತಲೆನೋವು. ಬ್ರಿಟನ್ನಿನ ‘ದಿ ಟ್ರೇಟರ್ಸ್’ ಮಾತ್ರ ಇಬ್ಬರಿಗೂ ಹಿಡಿಸಿತು. ಆಟಗಾರರಲ್ಲೇ ಗುಟ್ಟಾಗಿ ಸೇರಿಕೊಂಡಿರುವ ದ್ರೋಹಿಗಳು ಯಾರು ಅಂತ ನೋಡುವ ನಮಗೆ ಮೊದಲೇ ಗೊತ್ತಿರುತ್ತದೆ. ಪಾಪ, ಉಳಿದ ಆಟಗಾರರು ಅಮಾಯಕರನ್ನೇ ಹಿಡಿದು ಹೊರಗೆ ಹಾಕುತ್ತಾರೆ. ಮಜಾ ಇರೋದೇ ಅಲ್ಲಿ, ಅಲ್ವಾ?

ಅಮೆರಿಕದ್ದು ಹೇಗಿದೆ? ಎರಡನೇ ಸೀಸನ್‌ನಿಂದ ಅಲ್ಲಿ ಬರೀ ಹೆಸರು ಮಾಡಿದವರೇ ಆಡುತ್ತಾರೆ. ಅದರಿಂದ ಆಟ ಕೆಡುತ್ತದಾ?

ಕಥೆಯ ಗುಟ್ಟು ಮಾತ್ರ ಬಿಡಬೇಡಿ. ಹತ್ತು ಕಂತಿಗಿಂತ ಉದ್ದದ್ದೂ ಬೇಡ.