ಜಿಐಎಸ್ ಗುಂಪು ಪ್ರಾಜೆಕ್ಟ್: ಹೇಮಾವತಿ ಹಿನ್ನೀರು, ನಾಲ್ಕು ಜನ, ಎರಡು ಲ್ಯಾಪ್‌ಟಾಪ್

ಗೊರೂರುದಂಡೆ:
ಹಾಸನದಲ್ಲಿ ಭೂಗೋಳ ಎಂಎಸ್ಸಿ. ಲ್ಯಾಬ್ ಜೊತೆಗೆ ಆರು ವಾರದ ಗುಂಪು ಪ್ರಾಜೆಕ್ಟ್ ಇದೆ. ಹೇಮಾವತಿ ನದಿಯ ಗೊರೂರು ಜಲಾಶಯದ ನೀರು ಬೇಸಿಗೆಯಲ್ಲಿ ಎಷ್ಟು ಹಿಂದೆ ಸರಿಯುತ್ತದೆ, ಆ ದಡದಿಂದ ಒಂದು ಕಿಲೋಮೀಟರ್ ಒಳಗೆ ಯಾವ ಹಳ್ಳಿಗಳಿವೆ ಅನ್ನೋದು ವಿಷಯ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್, ಸೆಂಟಿನೆಲ್-2 ಉಪಗ್ರಹದ ಚಿತ್ರಗಳು, ಅಕ್ಷಾಂಶ-ರೇಖಾಂಶ ಇರೋ ಹಳ್ಳಿ ಪಟ್ಟಿ ಕೈಯಲ್ಲಿವೆ. ಲ್ಯಾಬ್ ಶೀಟಿನ ಡೇಟಾ ಹಾಕಿದರೆ ಎಲ್ಲ ಸರಿಯಾಗಿ ಬರುತ್ತೆ, ನಮ್ಮದು ಹಾಕಿದ ಕೂಡಲೇ ಕೈಕೊಡುತ್ತೆ. ಹಳ್ಳಿಗಳು ಸಮುದ್ರಕ್ಕೆ ಹೋಗಿ ಬೀಳ್ತಿವೆ. ಕನ್ನಡ ಹೆಸರುಗಳು ಓದೋಕಾಗಲ್ಲ. 2021 ಮತ್ತು 2024ರ ಮೇ ತಿಂಗಳ ನೀರಿನ ವಿಸ್ತೀರ್ಣದಲ್ಲಿ ನಂಬಲಾಗದಷ್ಟು ವ್ಯತ್ಯಾಸ. ಕೆಲಸ ಹೇಗೆ ಹಂಚಿಕೊಳ್ಳೋದು ಅಂತಲೂ ತಿಳಿಸಿ.

ನಕ್ಷೆಮೇಷ್ಟ್ರು:
ಬಿಂದುಗಳು ಮಾಲ್ಡೀವ್ಸ್‌ನ ಪಶ್ಚಿಮಕ್ಕೆ, ಸಮಭಾಜಕ ರೇಖೆಯ ಹತ್ತಿರ ಬಿದ್ದಿರಬೇಕು, ನೋಡಿ. ಹಾಗಿದ್ದರೆ ಕಾರಣ ಒಂದೇ: ಡಿಗ್ರಿಯಲ್ಲಿರೋ ಡೇಟಾಕ್ಕೆ ‘ಸೆಟ್ ಲೇಯರ್ ಸಿಆರ್‌ಎಸ್’ (ಸಿಆರ್‌ಎಸ್ ಅಂದರೆ ನಿರ್ದೇಶಾಂಕ ಪದ್ಧತಿ) ಕೊಟ್ಟು, ಮೀಟರ್‌ನಲ್ಲಿ ಅಳೆಯೋ ಯುಟಿಎಂ ಅಂತ ಹಣೆಪಟ್ಟಿ ಹಚ್ಚಿದ್ದೀರಿ. 76 ಡಿಗ್ರಿ ಅನ್ನೋದನ್ನ ಸಾಫ್ಟ್‌ವೇರ್ 76 ಮೀಟರ್ ಅಂತ ಓದಿಕೊಂಡಿದೆ. ಆ ಆಜ್ಞೆ ಅಂಕಿಗಳನ್ನ ಬದಲಾಯಿಸೋದಿಲ್ಲ, ಅರ್ಥ ಮಾತ್ರ ಬದಲಾಯಿಸುತ್ತೆ.

ಸಿಎಸ್‌ವಿ ಸೇರಿಸುವಾಗ ಎಕ್ಸ್‌ಗೆ ರೇಖಾಂಶ, ವೈಗೆ ಅಕ್ಷಾಂಶ, ಸಿಆರ್‌ಎಸ್‌ಗೆ ಇಪಿಎಸ್‌ಜಿ 4326 (ಡಿಗ್ರಿ ಪದ್ಧತಿಯ ಸಂಕೇತ ಸಂಖ್ಯೆ) ಕೊಡಿ. ಆಮೇಲೆ ‘ರೀಪ್ರೊಜೆಕ್ಟ್ ಲೇಯರ್’ ಬಳಸಿ 32643ಕ್ಕೆ, ಅಂದರೆ ಯುಟಿಎಂ ವಲಯ 43 ಉತ್ತರಕ್ಕೆ ಹೊಸ ಫೈಲ್ ಮಾಡಿ. ಸರಿಯಾಯ್ತೋ ಇಲ್ಲವೋ ಅನ್ನೋಕೆ ಹಾಸನ ಪೇಟೆಯ ಮೇಲೆ ಮೌಸ್ ಇಡಿ: ಈಸ್ಟಿಂಗ್ ಸುಮಾರು 6,19,000, ನಾರ್ತಿಂಗ್ ಸುಮಾರು 14,38,000 ತೋರಿಸಬೇಕು. ದಡದ ಸುತ್ತ ಒಂದು ಕಿಲೋಮೀಟರ್ ಪಟ್ಟಿ, ಅಂದರೆ ಬಫರ್, ಹಾಕೋದು ಇದಾದ ಮೇಲೇ. ಡಿಗ್ರಿ ಲೇಯರ್‌ಗೆ 1000 ಅಂತ ಕೊಟ್ಟರೆ ಅದು 1000 ಡಿಗ್ರಿಯ ಬಫರ್.

ಹಳೇ ಟೋಪೋಶೀಟ್ (ಸ್ಥಳಾಕೃತಿ ನಕ್ಷೆ) ಸೇರಿಸೋ ಯೋಚನೆ ಇದ್ದರೆ ಇನ್ನೊಂದು ಮಾತು. 76 ಡಿಗ್ರಿ ರೇಖಾಂಶ ಹಾಸನ ಜಿಲ್ಲೆಯನ್ನ ಸೀಳಿಕೊಂಡು ಹೋಗುತ್ತೆ. ಸಕಲೇಶಪುರದ ಕಡೆಯದು 48ರ ಸಾಲಿನ ಶೀಟು, ಹಾಸನ ಪೇಟೆಯದು 57ರ ಸಾಲಿನದು. ಒಂದೇ ಸಾಲಲ್ಲಿ ಹುಡುಕಿ ‘ಶೀಟೇ ಇಲ್ಲ’ ಅನ್ನಬೇಡಿ. ಹಳೆಯವು ಎವರೆಸ್ಟ್ ಡೇಟಮ್‌ನವು, ಅಂದರೆ ಭೂಮಿಯ ಆಕಾರವನ್ನ ಬೇರೆ ಥರ ಲೆಕ್ಕ ಹಾಕಿ ಮಾಡಿದವು. ಅದನ್ನ ಲೆಕ್ಕಕ್ಕೆ ತಗೊಳ್ಳದೆ ಜಿಯೋರೆಫರೆನ್ಸ್ ಮಾಡಿದರೆ (ನಕ್ಷೆಯನ್ನ ನಿಜ ಸ್ಥಾನಕ್ಕೆ ಕೂರಿಸಿದರೆ) ಇಡೀ ನಕ್ಷೆ ಪಕ್ಕಕ್ಕೆ ಸರಿದು ಕೂರುತ್ತೆ.

ಮಲೆನಾಡ್‌ರಾಸ್ಟರ್:
ವಿಸ್ತೀರ್ಣದ ಗೊಂದಲಕ್ಕೆ ನನ್ನ ಅನುಮಾನ ಬೇರೆ ಕಡೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಸಂಸ್ಕರಣೆ ಬದಲಾಗಿ ಪ್ರತಿ ಪಿಕ್ಸೆಲ್ ಮೌಲ್ಯಕ್ಕೆ 1000 ಕೂಡಿ ಬರುತ್ತೆ. ನಿಮ್ಮ ಎರಡು ಚಿತ್ರಗಳು ಈ ದಿನಾಂಕದ ಆಚೆ ಈಚೆ ಇವೆ.

ಲೆಕ್ಕ ಹಾಕಿ ನೋಡಿ. ನೀರಿನ ಪಿಕ್ಸೆಲ್‌ನಲ್ಲಿ ಹಸಿರು, ಅಂದರೆ ಬಿ3, 600. ಸಮೀಪದ ಅವಕೆಂಪು, ಬಿ8, 300. ನೀರು ಗುರುತಿಸೋ ಸೂಚ್ಯಂಕ ಎನ್‌ಡಿಡಬ್ಲ್ಯುಐ ಅಂದರೆ ಇವೆರಡರ ವ್ಯತ್ಯಾಸ ಭಾಗ ಮೊತ್ತ: 300ನ್ನು 900ರಿಂದ ಭಾಗಿಸಿದರೆ 0.33. ಅದೇ ಪಿಕ್ಸೆಲ್ 1600 ಮತ್ತು 1300 ಆಗಿ ಬಂದರೆ 300 ಭಾಗ 2900, ಅಂದರೆ 0.10. ವ್ಯತ್ಯಾಸ ಅಷ್ಟೇ, ಛೇದ ಮಾತ್ರ ಉಬ್ಬಿದೆ. ಇದಕ್ಕಿಂತ ಹೆಚ್ಚಿದ್ದರೆ ನೀರು ಅನ್ನೋ ಮಿತಿಯನ್ನ ಸೊನ್ನೆಗೆ ಇಟ್ಟಿದ್ದರೆ ಏನೂ ಆಗ್ತಿರಲಿಲ್ಲ, ಚಿಹ್ನೆ ಬದಲಾಗೋದಿಲ್ಲವಲ್ಲ. 0.2 ಇಟ್ಟಿದ್ದರೆ 2024ರಲ್ಲಿ ಕೆರೆಗೆ ಕೆರೆಯೇ ಮಾಯ. 2024ರ ಎರಡೂ ಬ್ಯಾಂಡಿನಿಂದ ಮೊದಲು 1000 ಕಳೆಯಿರಿ. ಆದರೆ ಗೂಗಲ್ ಅರ್ತ್ ಎಂಜಿನ್‌ನ ‘ಹಾರ್ಮೊನೈಸ್ಡ್’ ಸಂಗ್ರಹದಿಂದ ಇಳಿಸಿದ್ದರೆ ಅಲ್ಲಿ ಆಗಲೇ ಕಳೆದಿರುತ್ತಾರೆ, ಮತ್ತೆ ಕಳೆಯಬೇಡಿ.

ಜಿಡಿಎಎಲ್ ಕ್ಯಾಲ್ಕ್ (ಚಿತ್ರಗಳ ಮೇಲೆ ಲೆಕ್ಕ ಮಾಡೋ ಸಾಧನ) ಬಳಸುವವರಿಗೆ: ಬ್ಯಾಂಡ್‌ಗಳನ್ನ ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಬದಲಿಸದೆ ಕಳೆದರೆ ಋಣ ಉತ್ತರ ಬರಬೇಕಾದ ಕಡೆ 65 ಸಾವಿರ ಚಿಲ್ಲರೆ ಬರುತ್ತೆ. ಒಣ ನೆಲವೆಲ್ಲ ನೀರಾಗುತ್ತೆ.

ಪಿಕ್ಸೆಲ್ 10 ಮೀಟರ್, ಅಂದರೆ ನೂರು ಪಿಕ್ಸೆಲ್‌ಗೆ ಒಂದು ಹೆಕ್ಟೇರ್. ‘ಯೂನಿಕ್ ವ್ಯಾಲ್ಯೂಸ್ ರಿಪೋರ್ಟ್’ ಎಣಿಕೆ ಕೊಡುತ್ತೆ. ಬೇಸಿಗೆಯ ಜೊತೆ ಹೋಲಿಸೋಕೆ ತುಂಬಿದ ಜಲಾಶಯದ ಚಿತ್ರ ಬೇಕಿದ್ದರೆ ಜುಲೈ-ಆಗಸ್ಟ್ ಹುಡುಕಿ ಕಾಲ ಕಳೆಯಬೇಡಿ, ಈ ಕಡೆ ಆಗ ಬರೀ ಮೋಡ. ನವೆಂಬರ್‌ನದು ತಗೊಳ್ಳಿ.

ಕೋಡ್‌ಕಣಜ:
ಹೆಸರು ಕೆಟ್ಟಿರೋದು ಎರಡು ಥರ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್ ಪಟ್ಟಿ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಎಕ್ಸೆಲ್ ಉಳಿಸುವಾಗ ಯುಟಿಎಫ್-8 ಆರಿಸಿಲ್ಲ, ಮೂಲದಿಂದ ಮತ್ತೆ ಉಳಿಸದೆ ಬೇರೆ ದಾರಿಯಿಲ್ಲ.

ನಕ್ಷೆ ಡೇಟಾ ಉಳಿಸೋಕೆ ಶೇಪ್‌ಫೈಲ್ ಅನ್ನೋ ಹಳೇ ಫೈಲ್ ಬಗೆ ಬಿಟ್ಟು ಜಿಯೋಪ್ಯಾಕೇಜ್‌ಗೆ ಹೋಗಿ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ ಹತ್ತೇ ಅಕ್ಷರ, ಒಳಗಿನ ಅಗಲವೂ ಬೈಟ್ ಲೆಕ್ಕ. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಆದ್ದರಿಂದ ‘ಹೊಳೆನರಸೀಪುರ’ಕ್ಕೆ 33 ಬೇಕು. 20ರ ಕಾಲಂನಲ್ಲಿ ಅರ್ಧಕ್ಕೇ ತುಂಡಾಗುತ್ತೆ.

ಜನಗಣತಿ ಕೋಷ್ಟಕ ಜೋಡಿಸೋದಾದರೆ ಹೆಸರಿನ ಮೇಲೆ ಜಾಯಿನ್ ಬೇಡ, ಸಕಲೇಶಪುರ ಒಂದನ್ನೇ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. 2011ರ ಹಳ್ಳಿ ಕೋಡ್ ಬಳಸಿ. ಒಂದು ಕಡೆ ಕೋಡ್ ಪಠ್ಯವಾಗಿ, ಇನ್ನೊಂದು ಕಡೆ ಸಂಖ್ಯೆಯಾಗಿದ್ದರೂ ಕೆಲವೊಮ್ಮೆ ಎಲ್ಲ ಸಾಲೂ ‘ನಲ್’ (ಖಾಲಿ) ಬರುತ್ತೆ. ಅದನ್ನ ಮೊದಲೇ ಒಂದೇ ಥರ ಮಾಡಿಕೊಳ್ಳಿ.

ಗೊರೂರುದಂಡೆ:
ಮಾಲ್ಡೀವ್ಸ್ ಪಕ್ಕದಲ್ಲೇ ಇದ್ದವು ಸರ್, ಈಗ ಸರಿಹೋಯ್ತು. ಹೆಸರುಗಳು ನುಡಿಯವೇ. ಕೆಲಸ ಹಂಚಿಕೆಗೆ ಒಬ್ಬರಿಗೆ ಚಿತ್ರ, ಒಬ್ಬರಿಗೆ ಹಳ್ಳಿ, ಒಬ್ಬರಿಗೆ ಫೀಲ್ಡ್, ಒಬ್ಬರಿಗೆ ವರದಿ ಅಂದುಕೊಂಡಿದ್ದೀವಿ. ಒಂದೇ ಫೈಲ್ ಡ್ರೈವ್‌ನಲ್ಲಿಟ್ಟು ಎಲ್ಲರೂ ತೆರೆಯಬಹುದಾ?

ನಕ್ಷೆಮೇಷ್ಟ್ರು:
ಬೇಡ. ಜಿಯೋಪ್ಯಾಕೇಜ್ ಒಳಗೆ ಇರೋದು ಎಸ್‌ಕ್ಯೂಲೈಟ್ ಡೇಟಾಬೇಸ್. ತೆರೆದಿರುವಾಗ ಪಕ್ಕದಲ್ಲಿ ತಿದ್ದಿದ್ದನ್ನ ತಾತ್ಕಾಲಿಕವಾಗಿ ಹಿಡಿದಿಡೋ ಡಬ್ಲ್ಯುಎಎಲ್ ಫೈಲ್ ಹುಟ್ಟುತ್ತೆ, ಡ್ರೈವ್ ಇವೆರಡನ್ನ ಬೇರೆ ಬೇರೆ ಹೊತ್ತಲ್ಲಿ ನಕಲು ಮಾಡಿದರೆ ತಿದ್ದಿದ್ದು ಹೋಗುತ್ತೆ. ಮೂಲ ಡೇಟಾ ಯಾರೂ ಮುಟ್ಟದ ಫೋಲ್ಡರ್‌ನಲ್ಲಿರಲಿ. ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಫೈಲ್ ಮಾಡಿ, ವಾರಕ್ಕೊಮ್ಮೆ ಒಬ್ಬರೇ ಕೂಡಿಸಲಿ.

ಆ ಹಂಚಿಕೆ ನನಗೆ ಒಪ್ಪಿಗೆ ಇಲ್ಲ. ವರದಿ ಬರೆದವರು ವೈವಾದಲ್ಲಿ ಮಿತಿ ಯಾಕೆ 0.2 ಅಂದರೆ ಬಾಯಿ ಬಿಡೋದಿಲ್ಲ. ಮೊದಲ ವಾರ ಒಂದು ಚಿಕ್ಕ ತುಂಡಿನ ಮೇಲೆ ನಾಲ್ವರೂ ಪೂರ್ತಿ ಕೆಲಸ ಮಾಡಿ, ವಿಸ್ತೀರ್ಣ ತಾಳೆ ನೋಡಿ. ನಾಲ್ಕು ಉತ್ತರ ಬಂದರೆ ಎಲ್ಲಿ ಕವಲೊಡೆಯಿತು ಅಂತ ಹುಡುಕೋದೇ ಲ್ಯಾಬಿನ ಅಸಲಿ ಪಾಠ. ಹಂಚಿಕೆ ಆಮೇಲೆ ಮಾಡಿಕೊಳ್ಳಿ.

ಮಲೆನಾಡ್‌ರಾಸ್ಟರ್:
ಎರಡು ಲ್ಯಾಪ್‌ಟಾಪ್‌ನಲ್ಲಿ ನಾಲ್ವರೂ ಅಂದರೆ ಒಂದು ವಾರ ಸಾಲದು ಮೇಷ್ಟ್ರೇ, ಇಬ್ಬಿಬ್ಬರ ಜೋಡಿ ಸಾಕು. ಫೀಲ್ಡ್‌ಗೆ ಫೋನಿನಲ್ಲಿ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಳ್ಳಿ. ‘ನೀರು, ಕೆಸರು, ಕಳೆ, ಒಣ ನೆಲ’ ಅಂತ ಡ್ರಾಪ್‌ಡೌನ್ ಕೊಡಿ, ಟೈಪ್ ಮಾಡೋಕೆ ಬಿಟ್ಟರೆ ಒಂದೇ ಪದಕ್ಕೆ ಐದು ಕಾಗುಣಿತ. ಗುರುತಿಗೆ ಯುಯುಐಡಿ (ಎಲ್ಲೂ ಮರುಕಳಿಸದ ಸಂಕೇತ) ಇರಲಿ, ಇಲ್ಲದಿದ್ದರೆ ಎರಡು ಫೋನಿನ 1ನೇ ಬಿಂದು ಕೂಡಿಸುವಾಗ ಡಿಕ್ಕಿ ಹೊಡೆಯುತ್ತೆ. ಫೋಟೋಗಳ ಡಿಸಿಐಎಂ ಫೋಲ್ಡರ್ ಬೇರೆಯಾಗಿ ಎತ್ತಿಕೊಳ್ಳಬೇಕು.

ಉಪಗ್ರಹ ಹಾದುಹೋಗುವ ದಿನಕ್ಕೆ ಆದಷ್ಟು ಹತ್ತಿರ ಹೋಗಿ, ಮೇನಲ್ಲಿ ದಡ ನಿಂತಲ್ಲಿ ನಿಲ್ಲೋದಿಲ್ಲ. ಬಯಲಲ್ಲಿ ಫೋನಿನ ಜಿಪಿಎಸ್ ತಪ್ಪು 3ರಿಂದ 5 ಮೀಟರ್ ಇರುತ್ತೆ, 10 ಮೀಟರ್ ಪಿಕ್ಸೆಲ್‌ಗೆ ಸಾಕು. ಬಿಂದುವನ್ನ ನೀರಿನ ಅಂಚಿನಲ್ಲೇ ಹಾಕಬೇಡಿ, ಎರಡು ಪಿಕ್ಸೆಲ್ ಆಚೆ ಅಥವಾ ಈಚೆ ಹಾಕಿ. ಕೆಸರು ಮತ್ತು ತೇಲುವ ಕಳೆಯಲ್ಲೇ ಎನ್‌ಡಿಡಬ್ಲ್ಯುಐ ಎಡವೋದು, ಹೆಚ್ಚು ಬಿಂದು ಅಲ್ಲಿಂದ ತನ್ನಿ.