ಸಹಾಯ ಬೇಕು: ತೀರ್ಥನ್ ಕಣಿವೆಯಲ್ಲಿ ಚಾರಣ ಮತ್ತು ಟ್ರೌಟ್ ಮೀನಿಗೆ ಗಾಳ

ಎಲ್ಲರಿಗೂ ನಮಸ್ಕಾರ. ಉಡುಪಿಯ ನಾವು ನಾಲ್ವರು ಗೆಳೆಯರು ಬರುವ ಏಪ್ರಿಲ್ ಕೊನೆಯಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಹೋಗಿ, ಬೆನ್ನಿಗೆ ಚೀಲ ಹೊತ್ತು ಕೆಲವು ದಿನ ನಡೆದು, ಹೊಳೆಯಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಬೇಕೆಂದಿದ್ದೇವೆ. ಆ ಕಡೆ ಹೋಗಿ ಬಂದವರು ದಯವಿಟ್ಟು ಮಾರ್ಗದರ್ಶನ ನೀಡಬೇಕಾಗಿ ವಿನಂತಿ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಲಿ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿರುವುದರಿಂದಲೂ ಮಳೆಗಾಲದಲ್ಲಿ ಹೊಳೆ ಕೆಂಪೇರಿ ಹರಿಯುವುದರಿಂದಲೂ ಈ ಸಮಯವನ್ನು ಆರಿಸಿಕೊಂಡೆವು. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಹತ್ತಿರದ ಪಟ್ಟಣವಾದ ಬಂಜಾರ್‌ನಲ್ಲೇ ಪಡೆಯಬಹುದೇ? ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗೆ ನಡೆಯಲು ಬೇರೆಯೇ ಅನುಮತಿ ಬೇಕಾಗುವುದರಿಂದ, ಗಾಳವನ್ನು ಉದ್ಯಾನದ ಹೊರಗಿರುವ ಗುಶೈನಿ ಹಳ್ಳಿಯ ಆಸುಪಾಸಿನಲ್ಲೇ ಮುಗಿಸಿ ನಂತರ ಚಾರಣಕ್ಕೆ ಹೊರಡುವುದು ಸರಿಯೆಂದು ನನಗೆ ತೋರುತ್ತದೆ.

ಮುಖ್ಯ ಸಂದೇಹ ಸಲಕರಣೆಯದ್ದು. ಮಲ್ಪೆಯ ಬಂಡೆಗಳ ಮೇಲೆ ನಿಂತು, ಸಿಗಡಿಯ ಚೂರು ಚುಚ್ಚಿ, ಸೀಸದ ಗುಂಡು ಕಟ್ಟಿದ ದಪ್ಪ ದಾರವನ್ನು ದೂರಕ್ಕೆ ಬೀಸುವುದಷ್ಟೇ ನಮ್ಮ ಅಭ್ಯಾಸ; ತಳದ ಕಲ್ಲು ಕಾಣುವಷ್ಟು ತಿಳಿಯಾದ, ರಭಸದ ನೀರಿನಲ್ಲಿ ಆ ದಾರವನ್ನು ಕಂಡರೆ ಟ್ರೌಟ್ ಹತ್ತಿರವೂ ಸುಳಿಯಲಾರದು. ಕಲಿಯುವವರಿಗೆ ಸ್ಪಿನ್ನರ್ (ನೀರಿನಲ್ಲಿ ಗಿರಗಿರ ತಿರುಗುವ ಲೋಹದ ತಗಡಿನ ಗಾಳ) ಒಳ್ಳೆಯದೋ ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಕೃತಕ ನೊಣವೋ, ಹಗುರವಾದ ರಾಡ್ ಅಲ್ಲಿ ಬಾಡಿಗೆಗೆ ಸಿಗುವುದೋ ತಿಳಿಸಿ.

1,343 ಮೀಟರಿನ ಕೊಡಚಾದ್ರಿ ಹತ್ತಿದ ಧೈರ್ಯದಲ್ಲಿ ಮೂರು ಸಾವಿರ ಮೀಟರ್ ದಾಟಿದ ಜಲೋರಿ ಕಣಿವೆದಾರಿಯನ್ನು ಹಗುರವಾಗಿ ಕಾಣಬಾರದೆಂಬ ಅರಿವಿದೆ. ಏಪ್ರಿಲ್‌ನಲ್ಲಿ ಅಲ್ಲಿ ಹಿಮ ಉಳಿದಿರುತ್ತದೆಯೇ? ಗೆಳೆಯನೊಬ್ಬ ಕುಚ್ಚಲಕ್ಕಿ ಹೊರಲು ಹಟ ಹಿಡಿದಿದ್ದಾನೆ. ಎತ್ತರದಲ್ಲಿ ಅದು ಬೇಯುವಷ್ಟರಲ್ಲಿ ಗ್ಯಾಸ್ ಮುಗಿದೀತೆಂಬುದು ನನ್ನ ವಾದ. ನಂಬಿಕಸ್ಥ ಸ್ಥಳೀಯ ಮಾರ್ಗದರ್ಶಕರು ಗೊತ್ತಿದ್ದರೆ ಖಾಸಗಿ ಸಂದೇಶ ಕಳುಹಿಸಿ.